ಅರ್ಧ ಪಾಸ್‌ವರ್ಡ್ ಮೆನೇಜರರಲ್ಲಿ, ಅರ್ಧ ಎಕೌಂಟೆಂಟರಲ್ಲಿ

ಕಂಪ್ಯೂಟರ್ ಕೆಟ್ಟರೆ ಸರಿ ಮಾಡಬಹುದು ಮಾರಾಯ್ರೆ. ಅದರ ಎದುರು ಕೂತವರಿಂದ ದಿನಕ್ಕೊಂದು ಹೊಸ ಉಪದ್ರ ಹುಟ್ಟುತ್ತದಲ್ಲ, ಅದಕ್ಕೆ ಮದ್ದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಮೂಡಬಿದಿರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿದ್ದೆ. ಬೆಳ್ತಂಗಡಿ ಕಡೆಯ ಒಂದು ಸಹಕಾರಿ ಸಂಘಕ್ಕೆ ಐದು ಕಂಪ್ಯೂಟರ್ ಜೋಡಿಸಿ, ಎಲ್ಲರ ಫೈಲು ಒಂದೇ ಕಡೆ ಇಡುವ ಹಾಗೆ ಮಾಡಿ, ಒಬ್ಬೊಬ್ಬರಿಗೂ ಲಾಗಿನ್ ಕೊಡುವುದು ನನ್ನ ಕೆಲಸ. ಅಂಗಡಿಯ ಧಣಿ ಮೊದಲೇ ಹೇಳಿದ್ದರು: "ಮಹಾಸಭೆಯ ವರದಿ ಇದರಲ್ಲೇ ಪ್ರಿಂಟ್ ಆಗ್ಬೇಕು. ಇಲ್ಲದಿದ್ರೆ ಮಿಶಿನು ವಾಪಸ್ ಕಳಿಸ್ತಾರಂತೆ. ಮಿಶಿನು ಬಂದ್ರೆ ನೀನು ಬರ್ಬೇಡ."

೧. ಮೊದಲ ಸಹಿ

ಮೊದಲ ವಾರವೇ ಫೋನು. "ಯಾರಿಗೂ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ!" ಬಸ್ಸು ಹತ್ತಿ ಓಡಿದೆ. ನೋಡಿದರೆ ಮಿಶಿನುಗಳೆಲ್ಲ ಸರಿಯಾಗಿಯೇ ಉಂಟು, ನಾಲ್ವರು ಕೈಕಟ್ಟಿ ಕೂತಿದ್ದಾರೆ.

"ಎಂತ ಆಯ್ತು ಅಕ್ಕಾ?"

ಹಿರಿಯ ಗುಮಾಸ್ತೆ ಸಣ್ಣ ಸ್ವರದಲ್ಲಿ ಹೇಳಿದರು: "ಮೆನೇಜರ್ ಇನ್ನೂ ಬರ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರದ್ದೇ ಮೊದಲ ಸಹಿ. ಅವರಿಗಿಂತ ಮೊದ್ಲು ನಾವು ಲಾಗಿನ್ ಮಾಡುದು ಹೇಗೆ?"

೨. ಸಿಡಿಲು

ಎಲ್ಲರ ಫೈಲಿರುವ ದೊಡ್ಡ ಮಿಶಿನು ಮಧ್ಯಾಹ್ನದ ಮೇಲೆ ದಿನಾ ನಿಲ್ಲುತ್ತಿತ್ತು. ಎರಡು ದಿನ ಬೆಳಿಗ್ಗೆ ಬಂದು ವಯರು ತಡವಿ ತಡವಿ ಸಾಕಾಯಿತು. ಮೂರನೇ ದಿನ ಮಧ್ಯಾಹ್ನದವರೆಗೆ ಕಾದು ಕೂತೆ. ಘಾಟಿಯ ಕಡೆ ದಿನಾ ಬರುವ ಗುಡುಗು ಬಂತು. ಅಟೆಂಡರ್ ಎದ್ದು ಬಂದವರೇ ಪ್ಲಗ್ ಎಳೆದು, ವಯರು ಸುತ್ತಿ ಮೇಜಿನ ಮೇಲಿಟ್ಟರು.

"ಅಣ್ಣಾ, ಅದರಲ್ಲಿ ಎಲ್ಲರ ಫೈಲುಂಟು!" ಬೊಬ್ಬೆ ಹೊಡೆದೆ.

"ಅದಕ್ಕೇ ಅಲ್ವಾ ಅದರದ್ದು ಮೊದ್ಲು ತೆಗ್ದದ್ದು?"

೩. ಎರಡು ಕೀ

ಮಹಾಸಭೆಗೆ ಒಂದೇ ದಿನ. ವರದಿಯ ಫೋಲ್ಡರ್ ತೆರೆಯಲು ಮುಖ್ಯ ಪಾಸ್‌ವರ್ಡ್ ಬೇಕು. ಸಂಘದ ಲಾಕರಿಗೆ ಎರಡು ಕೀ, ಇಬ್ಬರ ಕೈಯಲ್ಲಿ. ಪಾಸ್‌ವರ್ಡಿಗೂ ಮೆನೇಜರರು ಅದೇ ಕ್ರಮ ಮಾಡಿದ್ದರು: ಮೊದಲರ್ಧ ಅವರದ್ದು, ಉಳಿದರ್ಧ ಎಕೌಂಟೆಂಟರದ್ದು. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆ ನೋಡಬೇಕು.

ಎಕೌಂಟೆಂಟರು ನಾರಾವಿಯಲ್ಲಿ ಮದುವೆಗೆ ಹೋಗಿದ್ದರು. ಬೈಕಿನಲ್ಲಿ ಹೋಗಿ, ಪಾಯಸ ಬರುವ ಮೊದಲೇ ಪಂಕ್ತಿಯಿಂದ ಎಬ್ಬಿಸಿ ಕರೆತಂದೆ. ದಾರಿಯುದ್ದಕ್ಕೂ ಬೈಗುಳ ತಿಂದೆ.

ಇಬ್ಬರೂ ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು! ನನ್ನ ಕೆಲಸ ಹೋದದ್ದೇ!

ಮೆನೇಜರರು ಕಿಸೆಯಿಂದ ಚೀಟಿ ತೆಗೆದರು. "ನನ್ನದು ಸರಿಯೇ ಉಂಟು. ತಿಂಗಳಿಗೊಮ್ಮೆ ಬದಲಾಯಿಸಿ ಅಂತ ನೀವೇ ಅಂದಿದ್ರಲ್ಲ? ಹಳೇ ಚೀಟಿ ಹರಿದು ಹೊಸತು ಬರ್ದಿದ್ದೇನೆ."

"ಕಂಪ್ಯೂಟರಿನಲ್ಲಿ ಬದಲಾಯಿಸಿದ್ರಾ ಸರ್?"

"ಎಂತ ಮಾತಾಡ್ತೀರಿ! ಎಕೌಂಟೆಂಟರಿಗೇ ಹೇಳದ್ದನ್ನು ಅದಕ್ಕೆ ಹೇಳುದಾ?"

ಕೈಮುಗಿದು, ಹರಿದ ಚೀಟಿಯದ್ದನ್ನು ನೆನಪು ಮಾಡಿಸಿ, ಹಳೆಯದನ್ನೇ ಒತ್ತಿಸಿದೆ. ತೆರೆಯಿತು. ವರದಿ ಪ್ರಿಂಟ್ ಆಯಿತು, ನನ್ನ ಕೆಲಸ ಉಳಿಯಿತು. ಉಸಿರು ಬಿಡುವಷ್ಟರಲ್ಲಿ ಮೆನೇಜರರು ನನ್ನನ್ನು ಬದಿಗೆ ಕರೆದು ಗಂಭೀರವಾಗಿ ಹೇಳಿದರು: "ನಿಮ್ಮ ಧಣಿಗೆ ಕಂಪ್ಲೇಂಟ್ ಕೊಡ್ತೇನೆ. ನಾನು ಹರಿದು ಬಿಸಾಡಿದ ಪಾಸ್‌ವರ್ಡಿಗೂ ಬಾಗಿಲು ತೆಗೀತದೆ. ಇದೆಂಥ ಭದ್ರತೆ ಮಾರಾಯ್ರೆ?"