ಕಲ್ಲು ತರಲು ಹೋಗಿ ಅರ್ಥ ತಂದ ಮಾಮಾ

ನಮ್ಮ ಮಾಮಾನಷ್ಟು ಉಪವಾಸ ಬಿದ್ದವರು ಇಡೀ ಖಾನಾಪುರದಲ್ಲಿ ಯಾರೂ ಇರಲಿಲ್ಲ. ಬಡತನಕ್ಕಲ್ಲ ಮತ್ತೆ! ಹೆಸರಿನ ಅರ್ಥ ತಿಳಿಯುವ ತನಕ ಆ ಪದಾರ್ಥವನ್ನು ಮುಟ್ಟುತ್ತಿರಲಿಲ್ಲ, ಅದಕ್ಕೆ. ಅನಗೋಳದ ಒಂದು ಮದುವೆಯಲ್ಲಿ ಎಲೆಗೆ ಬರ್ಫಿ ಬಿತ್ತು. "ಬರ್ಫಿ ಅಂದ್ರೇನ್ರೀ?" ಎಂದು ಬಡಿಸುವವನನ್ನು ಹಿಡಿದು ನಿಲ್ಲಿಸಿದರು. ಅವನಿಗೆ ಗೊತ್ತಿಲ್ಲ, ಅಡಿಗೆಯವನಿಗೆ ಗೊತ್ತಿಲ್ಲ, ಬೀಗರಿಗಂತೂ ಮೊದಲೇ ತಲೆಬಿಸಿ. ಕೊನೆಗೆ ವಕೀಲರೊಬ್ಬರು "ಬರ್ಫ್ ಅಂದ್ರ ಹಿಮ, ಫಾರಸಿ ಮಾತು" ಎನ್ನುವಷ್ಟರಲ್ಲಿ ಪಂಕ್ತಿ ಎದ್ದು ಎಲೆಯನ್ನೇ ತೆಗೆದಾಗಿತ್ತು! ಅರ್ಥ ಸಿಕ್ಕ ಖುಷಿಯಲ್ಲಿ ಮಾಮಾ ಹಸಿದೇ ಮನೆಗೆ ಬಂದರು.

ಸಾಲಿ ಮಾಸ್ತರ ಅಲ್ಲವೇ, ಇರಲಿ ಬಿಡಿ ಎನ್ನುತ್ತೀರಾ? ಮುಂದೆ ಕೇಳಿ.

ಖಾದಿ ಟೊಪ್ಪಿಗೆ ನಮ್ಮ ಓಣಿಗೆ ಹೊಸದಾಗಿ ಬಂದ ಕಾಲ. ನನಗೆ ಹತ್ತು ವರ್ಷ. ಅವ್ವ ಹೆರಿಗೆಗೆಂದು ತವರಿಗೆ ಬಂದು ಕೂಸು ಹೆತ್ತಿದ್ದಳು. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸು ವರ್ಷ ತುಂಬುವ ಮೊದಲೇ ಹೋಗಿದ್ದವು. ಇದೊಂದಾದರೂ ಉಳಿಯಲಿ ಎಂದು ಮನೆಮಂದಿಯೆಲ್ಲ ಜೀವ ಕೈಯಲ್ಲಿ ಹಿಡಿದಿದ್ದರು. ಕಣ್ಣಿಗೆ ಸುರ್ಮಾ ಹಚ್ಚಿದ ಕೂಸಿಗೆ ದೃಷ್ಟಿ ತಾಗುವುದಿಲ್ಲವೆಂದು ಯಾರೋ ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಹೇಳಿದರು. ಬೆಳಗಾವಿಯಿಂದ ಸುರ್ಮಾದ ಕಲ್ಲು ತರಬೇಕು, ಗುಲಾಬಿ ನೀರಿನಲ್ಲಿ ದಿನಗಟ್ಟಲೆ ಅರೆಯಬೇಕು. ತರಲು ಕಳಿಸಿದ್ದು ಯಾರನ್ನ? ಮಾಮಾನನ್ನ! ಆಯಿಗಾದರೂ ತಿಳಿಯಬಾರದೇ?

ಪೇಟೆಯಲ್ಲಿ ಸುರ್ಮಾ ಮಾರುವ ಮುದುಕ ಚಾಚಾ ಕರ್ರಗೆ ಮಿಂಚುವ ಕಲ್ಲೊಂದನ್ನು ಕೈಗಿಟ್ಟ. ಗಾತ್ರ ನೆಲ್ಲಿಕಾಯಿಯದು, ಭಾರ ತೆಂಗಿನಕಾಯಿಯದು!

"ಸುರ್ಮಾ ಅಂದ್ರೇನ್ರೀ ಚಾಚಾ?"

"ಸುರ್ಮಾ ಅಂದ್ರ ಸುರ್ಮಾ, ಮಾಸ್ತರ."

"ಅದು ಅರ್ಥ ಅಲ್ರೀ!"

ಚಾಚಾ ಕೈ ಮುಗಿದ. "ಕಲ್ಲ ಒಯ್ಯರಿ. ಅರ್ಥ ಸಿಕ್ಕ ಮ್ಯಾಲ ಬರ್ರಿ. ಬಾಕಿ ಗಿರಾಕಿ ನಿಂತಾರ!"

ಮಾಮಾ ನೆಟ್ಟಗೆ ದಂಡಿನವರಿರುವ ಕ್ಯಾಂಪಿಗೆ ನಡೆದು, ಗೋವೆಯ ಡಾಕ್ಟರರೊಬ್ಬರ ದವಾಖಾನೆಯಲ್ಲಿ ಜ್ವರದವರ ಸಾಲಿನಲ್ಲಿ ಕುಳಿತರು. ಪಾಳಿ ಬಂತು. "ಏನಾಗೇದ?" "ನನಗೇನಾಗಿಲ್ರೀ, ಈ ಕಲ್ಲಿನ ಹೆಸರು ಬೇಕಾಗೇದ." ಪುಣ್ಯಾತ್ಮರು ಬೈಯಲಿಲ್ಲ. ಕಲ್ಲು ಕುಟ್ಟಿದರು, ಅದು ಚೌಕ ಚೌಕವಾಗಿ ಒಡೆಯಿತು. "ಗೆಲೀನಾ. ಲ್ಯಾಟಿನ್ ಮಾತು. ಸೀಸದ ಅದಿರು ಅಂತ ಅರ್ಥ." ಮಾಮಾನ ಮುಖದಲ್ಲಿ ದೀಪಾವಳಿ! "ಯಾತಕ್ಕ ಬೇಕಿತ್ತು?" ಎಂದರು ಡಾಕ್ಟರರು. ಕೂಸಿನ ಕಣ್ಣಿಗೆ ಎಂದೊಡನೆ ಅವರ ನಗು ಮಾಯವಾಯಿತು. "ಸೀಸ ವಿಷ ಮಾಸ್ತರ. ಕೂಸು ಕಣ್ಣು ಉಜ್ಜತೈತಿ, ಅದ ಬೆರಳು ಬಾಯಾಗ ಇಡತೈತಿ."

ಮಾಮಾ ಚೂರುಗಳನ್ನು ಚಾಚಾನಿಗೆ ಒಪ್ಪಿಸಿ ಬರಿಗೈಲಿ ರೈಲು ಹತ್ತಿದರು. ಮನೆಯಲ್ಲಿ ಆಯಿ ಸಿಡಿದೆದ್ದಳು. "ಕಲ್ಲ ತಾರೋ ಅಂದ್ರ ಅರ್ಥ ತಂದೀಯೇನೋ ಹುಚ್ಚಪ್ಯಾಲಿ! ನಾಳೆ ಕೂಸಿಗೆ ಏನರ ಆತಂದ್ರ?"

"ಬೈಯವ್ವಾ, ಬಡಿ. ಆ ಕಲ್ಲು ಮಾತ್ರ ಈ ಹೊಸ್ತಿಲ ದಾಟೂದಿಲ್ಲ. ಕಣ್ಣಿಗೆ ಹಚ್ಚಾಕ ನಾ ಮಾಡಿ ಕೊಡತೇನಿ."

ಮಾಡಿದರೂ ಮಾಡಿದರು! ಅಷ್ಟು ದೊಡ್ಡ ಮೀಸೆಯ ಗಂಡಸು ಒಲೆಯ ಬಾಜು ಕೂತು, ಔಡಲೆಣ್ಣೆ ದೀಪದ ಮೇಲೆ ಹಿತ್ತಾಳೆ ತಾಟು ಬೋರಲು ಹಾಕಿ, ಮಸಿ ಕೆರೆದು, ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಬರುತ್ತಿದ್ದರು. ಕೂಸಿಗಿಂತ ಹೆಚ್ಚು ಕಾಡಿಗೆ ಮಾಮಾನ ಮೂಗಿಗೇ ಇರುತ್ತಿತ್ತು.

ಇತ್ತ 'ಗೆಲೀನಾ' ನಮ್ಮ ಮನೆಮಾತಾಯಿತು. ಪಾರಿಶ್ವಾಡದಿಂದ ಜರಿ ರುಮಾಲು ಸುತ್ತಿ ಬಂದು ಬಡಾಯಿ ಕೊಚ್ಚುವ ನೆಂಟನೊಬ್ಬನಿದ್ದ. "ಗೆಲೀನಾ! ಹೊರಗ ಮಿಂಚು, ಒಳಗ ಸೀಸ" ಎಂದರು ಮಾಮಾ. ಒಂದು ದಿನ ಬಳೆಗಾರನ ಥಳಥಳ ಬಳೆಯನ್ನು ಆಯಿ ತಿರುಗಿಸಿ ಕೊಟ್ಟಳು, "ಬ್ಯಾಡಪ್ಪಾ, ಇದು ಗೆಲೀನಾ!" ಅಲ್ಲಿಗೆ ಮನೆಯಲ್ಲಿ ಕಲ್ಲಿನ ಜಗಳ ಮುಗಿಯಿತು.

ಆದರೆ ಆಯಿ ಇನ್ನೊಂದು ಹಟ ಹಿಡಿದಿದ್ದಳು. ವರ್ಷ ತುಂಬುವ ತನಕ ಕೂಸಿಗೆ ಹೆಸರಿಡಕೂಡದು, ಹೆಸರಿಟ್ಟ ಎರಡೂ ಉಳಿಯಲಿಲ್ಲವಲ್ಲ! ಹೆಸರೇ ಇಲ್ಲದ ಜೀವವೊಂದು ಮನೆಯಲ್ಲಿ ಅಂಬೆಗಾಲಿಡುತ್ತಿದ್ದರೆ ಮಾಮಾ ಹೇಗೆ ತಡೆದುಕೊಂಡರೋ ದೇವರೇ ಬಲ್ಲ.

ವರ್ಷ ತುಂಬಿತು. ಕಾಡಿಗೆಯಿಂದ ಉಳಿಯಿತೋ, ಸುರ್ಮಾ ಇಲ್ಲದ್ದಕ್ಕೆ ಉಳಿಯಿತೋ, ನಾನರಿಯೆ. ಉಳಿಯಿತು! ಆಯಿ ತನ್ನ ಅಜ್ಜಿಯ ಹೆಸರಿಟ್ಟಳು, ಸಾತವ್ವ. ಎಲ್ಲರೂ ಮಾಮಾನ ಕಡೆ ತಿರುಗಿದೆವು. ಇನ್ನೇನು, ಅರ್ಥ ಕೇಳುತ್ತಾರೆ, ಊಟ ಸಂಜೆಗೆ!

ಮಾಮಾ ಕೇಳಲಿಲ್ಲ. ಕೂಸನ್ನು ಎತ್ತಿಕೊಂಡರು. ಕಣ್ಣು ತುಂಬಿತ್ತು.

"ಅರ್ಥ ಏನರ ಇರಲಿ ಬಿಡ್ರಿ. ಕರದರ 'ಓ' ಅಂದ್ರ ಸಾಕು."

ಮಾಮಾ ಹೋಗಿ ಬಹಳ ವರ್ಷವಾಯಿತು. ಹಿತ್ತಲಲ್ಲಿ ಮೊಮ್ಮಕ್ಕಳ ಜೊತೆ ಕೂತ ತಂಗಿಯನ್ನು ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಕರೆಯುತ್ತೇನೆ, "ಸಾತವ್ವಾ!"

"ಓ!" ಅನ್ನುತ್ತಾಳೆ.