ಮುಚ್ಚಳಕ್ಕೊಂದು ಗಂಟೆಬೀಗ

"ಇವತ್ತು ಅಡುಗೆಮನೆ ನನ್ನದು! ನೀನು ಸೌಟು ಮುಟ್ಟಕೂಡದು!"

ಭಾನುವಾರ ಬೆಳಿಗ್ಗೆ ಚಾವಿರಾಯರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಜಗಳಕ್ಕೆ ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿದ್ದ ಸೌಟನ್ನು ಗಂಡನ ಕೈಗಿಟ್ಟು, ದಿನಪತ್ರಿಕೆ ಬಿಡಿಸಿಕೊಂಡು ಕಿಟಕಿಯ ಪಕ್ಕ ಕೂತುಬಿಟ್ಟರು. ಯುದ್ಧ ಸಾರಿದವನಿಗೆ ಎದುರಾಳಿಯೇ ಕೋಟೆ ಬಿಟ್ಟುಕೊಟ್ಟು ಹೋದರೆ ಏನು ಸುಖ? ಚಾವಿರಾಯರಿಗೆ ಸ್ವಲ್ಪ ಸಪ್ಪೆಯೇ ಆಯಿತು.

ಚಾವಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷದಿಂದ ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದವರಿಗೆ ಬೀದಿಯವರು ಕೊಟ್ಟ ಬಿರುದು. ಕೀಲಿಕೈ ಕಳೆದುಕೊಂಡವರ ಪಾಲಿನ ದೇವರು ಅವರು. ಆದರೆ ದೇವರಿಗೆ ಒಂದು ಚಟ ಇತ್ತು. ಮುಚ್ಚಿದ್ದು ಯಾವುದೇ ಕಂಡರೂ ತೆರೆದು ನೋಡದೆ ಇರಲಾಗುತ್ತಿರಲಿಲ್ಲ! ಸ್ವಂತ ಮಗಳ ಮದುವೆಗೆ ಬಂದ ಉಡುಗೊರೆಗಳನ್ನು ಅವಳಿಗಿಂತ ಮೊದಲೇ ಬಿಚ್ಚಿ ನೋಡಿ, ಮತ್ತೆ ಅಂಟಿಸಿಟ್ಟ ಮಹಾನುಭಾವರು.

ಆ ಮದುವೆಯಲ್ಲೇ ಅವರ ಬಾಯಿ ಜಾರಿದ್ದು. ಅಳಿಯನ ತಾಯಿ, ಅಂದರೆ ಬೀಗಿತ್ತಿ, ಅಡುಗೆಯಲ್ಲಿ ಎತ್ತಿದ ಕೈ. ಅವರ ಎದುರಿಗೇ ಚಾವಿರಾಯರು, "ಅಡುಗೆ ಏನು ಮಹಾ ಬಿಡಿ! ಹಾಕು, ಮುಚ್ಚು, ಬೇಯಿಸು. ಬೀಗಕ್ಕಿಂತ ಸುಲಭ," ಎಂದುಬಿಟ್ಟರು. ಆಕೆ ನಕ್ಕು, "ಹಾಗಾದ್ರೆ ಒಂದು ದಿನ ನಿಮ್ಮ ಕೈ ಊಟಕ್ಕೇ ಬರ್ತೀವಿ ಬೀಗರೇ," ಎಂದಿದ್ದರು. ಆ ಒಂದು ದಿನ ಇವತ್ತು, ಸಂಜೆ ಏಳು ಗಂಟೆಗೆ.

ಊಟವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೀಗರಿಗೆ, ಅಂದರೆ ಅಳಿಯನ ತಂದೆಗೆ, ರೈಲ್ವೆ ಹಳಿಯ ಪಕ್ಕ ದೊಡ್ಡ ಗೋದಾಮಿತ್ತು. ಚಾವಿರಾಯರು ಎರಡು ವರ್ಷ ಕೂತು ತಯಾರಿಸಿದ ಗಂಟೆಬೀಗವನ್ನು ಅವರು ಅದೇ ಸಂಜೆ ನೋಡುವವರಿದ್ದರು. ಒಪ್ಪಿಗೆಯಾದರೆ ಗೋದಾಮಿನ ಹೆಬ್ಬಾಗಿಲಿಗೆ ಅದೇ ಬೀಗ! ಮೂವತ್ತು ವರ್ಷ ಕಂಡವರ ಬೀಗ ತೆಗೆದು, ಉಜ್ಜಿ, ಎಣ್ಣೆ ಬಿಟ್ಟ ಮನುಷ್ಯ. ತಾನೇ ಮಾಡಿದ ಒಂದು ಬೀಗವೂ ಈ ಊರಿನ ಯಾವ ಬಾಗಿಲಲ್ಲೂ ತೂಗುತ್ತಿರಲಿಲ್ಲ. ಒಂದಾದರೂ ತೂಗಲಿ ಎಂಬ ಆಸೆ ಅವರ ಎದೆಯಲ್ಲಿ ಎಷ್ಟಿತ್ತೆಂದರೆ, ರಸ್ತೆಯಲ್ಲಿ ನಡೆವಾಗಲೂ ಬಾಗಿಲುಗಳನ್ನೇ ನೋಡುತ್ತ ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದಿದ್ದರು.

ಸರಿ, ಅಡುಗೆ. ಗಂಟೆಗಟ್ಟಲೆ ಸಣ್ಣಗೆ ಬೇಯಿಸುವ, ಕರೆಂಟಿನ ಒಂದು ಸ್ಲೋ ಕುಕ್ಕರನ್ನು ಮಗಳು ಕಳಿಸಿದ್ದಳು. ಎರಡು ಹಿಡಿಯ ದಪ್ಪ ಪಾತ್ರೆ, ಗಾಜಿನ ಮುಚ್ಚಳ, ಮುಚ್ಚಳದ ನೆತ್ತಿಗೆ ಹಿಡಿದೆತ್ತಲು ಒಂದು ಗುಬುಟು. ಜೊತೆಗಿದ್ದ ಪುಸ್ತಿಕೆಯನ್ನು ಮುಂದಿಟ್ಟುಕೊಂಡು ಚಾವಿರಾಯರು ಮಾಂಸದ ದೊಡ್ಡ ತುಂಡಿಗೆ ಕಾಳುಮೆಣಸು ಮೆತ್ತಿದರು. ಕಾದ ಬಾಣಲೆಯಲ್ಲಿ ನಾಲ್ಕೂ ಮಗ್ಗುಲು ಕೆಂಪಗೆ ಹುರಿದರು. ಪಾತ್ರೆಯ ತಳಕ್ಕೆ ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ. ಮೇಲೆ ಮಾಂಸ. ಸುತ್ತ ಬಿಸಿ ನೀರು. ಒಂಬತ್ತಕ್ಕೆ ಸರಿಯಾಗಿ ಮುಚ್ಚಳ ಬಿತ್ತು, ಸ್ವಿಚ್ ಅದುಮಿದ್ದಾಯಿತು. ಎಂಟು ಗಂಟೆ ಬೆಂದರೆ ಐದಕ್ಕೆ ತಯಾರು!

"ಮುಗೀತು. ಇದಕ್ಕೆ ನೀವು ಹೆಂಗಸರು ದಿನವಿಡೀ ಒದ್ದಾಡ್ತೀರಿ!"

"ಪುಸ್ತಿಕೆಯ ಕೊನೇ ಸಾಲು ಓದಿದ್ರಾ?" ಎಂದರು ಹೆಂಡತಿ, ಪತ್ರಿಕೆಯಿಂದ ತಲೆ ಎತ್ತದೆ.

ಚಾವಿರಾಯರು ಓದಿದರು. 'ಬೇಯುವಾಗ ಮುಚ್ಚಳ ತೆಗೆಯಬೇಡಿ. ಒಂದು ಸಲ ತೆಗೆದರೆ ಒಳಗಿನ ಬಿಸಿ ಹೋಗಿ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ.'

ಅಯ್ಯೋ, ಯಾರಿಗೆ ಹೇಳಿದ ಮಾತು! ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗಾಯಿತು. ಗಾಜಿನ ಮುಚ್ಚಳವಾದರೂ ಹತ್ತೇ ನಿಮಿಷದಲ್ಲಿ ಹಬೆ ಕಟ್ಟಿ ಬೆಳ್ಳಗಾಯಿತು. ಒಳಗೆ ಏನಾಗುತ್ತಿದೆ? ಕ್ಯಾರೆಟ್ ಕರಗಿತೇ? ಮಾಂಸ ಮುಳುಗಿತೇ, ತೇಲಿತೇ? ಬೀಗಕ್ಕೆ ಕಿವಿಯಿಟ್ಟು ಒಳಗಿನ ಗುಟ್ಟು ಹಿಡಿಯುವವರು, ಅಭ್ಯಾಸಬಲದಿಂದ ಪಾತ್ರೆಗೂ ಕಿವಿಯಿಟ್ಟರು. ಚುರ್ ಎಂದಿತು!

"ಅಮ್ಮಾ!"

"ಏನಂತೆ? ಏನಾದ್ರೂ ಹೇಳ್ತಾ ಒಳಗಿಂದ?" ಎಂದು ಕೇಳಿದರು ಹೆಂಡತಿ.

ಕೆಂಪಾದ ಕಿವಿಗೆ ತಣ್ಣೀರು ಹಚ್ಚಿಕೊಳ್ಳುತ್ತಲೇ ಒಮ್ಮೆ ಮುಚ್ಚಳ ತೆಗೆದರು. ಮೊದಲ ಸಲ ಏನೂ ಬದಲಾಗಿಲ್ಲವಲ್ಲ ಎಂಬ ಸಂಶಯ ಬಂತೆಂದು ಎರಡನೇ ಸಲ. ಎರಡನೇ ಸಲ ಸರಿಯಾಗಿ ಮುಚ್ಚಿದೆನೋ ಇಲ್ಲವೋ ಎಂದು ಮೂರನೇ ಸಲ. ನಾಲ್ಕನೇ ಸಲಕ್ಕೆ ಕಾರಣವೇ ಇರಲಿಲ್ಲ, ಪಾಪ, ಕೈ ತಾನಾಗಿ ಹೋಯಿತು.

"ನಾಲ್ಕು ಅರ್ಧ ಅಂದ್ರೆ ಎರಡು ಗಂಟೆ," ಎಂದು ಹೆಂಡತಿ ಪತ್ರಿಕೆ ಮಡಿಸಿದರು. "ಐದಕ್ಕೆ ಆಗೋದು ಏಳಕ್ಕೆ ಹೋಯ್ತು. ಇನ್ನೊಂದು ಸಲ ಇಣುಕಿದ್ರೆ ಬೀಗರಿಗೆ ಹಸಿ ಮಾಂಸ ಬಡಿಸಬೇಕಾಗುತ್ತೆ. ಮೊದಲು ನಿಮ್ಮ ಕೈಗೊಂದು ಬೀಗ ಹಾಕ್ರೀ!"

ಬೀಗ! ಚಾವಿರಾಯರ ತಲೆಯಲ್ಲಿ ದೀಪ ಉರಿಯಿತು. ಒಂದೇ ಏಟಿಗೆ ಎರಡು ಹಕ್ಕಿ! ಒಂದೇ ನೆಗೆತಕ್ಕೆ ಅಂಗಡಿಗೆ ಹೋಗಿ ಗಂಟೆಬೀಗ ತಂದರು. ಅದರ ಮೈಯಲ್ಲೇ ಅಂಗೈ ಅಗಲದ ಒಂದು ಗಡಿಯಾರ. ಕೀಲಿಕೈ ಹಾಕುವ ತೂತಿಗೆ ಉಕ್ಕಿನ ಒಂದು ರೆಪ್ಪೆ. ಇಟ್ಟ ಗಂಟೆ ಹೊಡೆಯುವವರೆಗೂ ಆ ರೆಪ್ಪೆ ತೆರೆಯದು, ಕೀಲಿಕೈ ನಿಮ್ಮ ಜೇಬಲ್ಲೇ ಇದ್ದರೂ! ಪಾತ್ರೆಯ ಎರಡೂ ಹಿಡಿಗಳಿಗೆ ಸರಪಳಿ ತೂರಿಸಿ, ನಡುವೆ ಗುಬುಟಿಗೆ ಸುತ್ತಿ ಬಿಗಿದು, ಮುಚ್ಚಳದ ಮೇಲೇ ಬೀಗ ಜಡಿದು, ತೆರೆಯುವ ಗಂಟೆ ತೋರಿಸುವ ಮುಳ್ಳನ್ನು ಏಳಕ್ಕೆ ಇಟ್ಟರು.

"ಏಳು ಹೊಡೆಯುತ್ತೆ. ಬೀಗರ ಕಣ್ಣೆದುರಿಗೇ ಟಕ್ ಅಂತ ತೆರೆಯುತ್ತೆ. ಬೀಗಕ್ಕೂ ಶಹಬ್ಬಾಸ್, ಅಡುಗೆಗೂ ಶಹಬ್ಬಾಸ್! ಅಲ್ಲೀವರೆಗೆ ನಾನೂ ತೆಗೆಯೋ ಹಾಗಿಲ್ಲ, ನೀನೂ ತೆಗೆಯೋ ಹಾಗಿಲ್ಲ. ಆ ಬ್ರಹ್ಮ ಬಂದರೂ ಏಳು ಗಂಟೆಗೇ!"

"ಆಗಲಿ. ಬ್ರಹ್ಮ ಬಂದ್ರೆ ಕೂರೋಕೆ ಹೇಳ್ತೀನಿ," ಎಂದರು ಹೆಂಡತಿ.

ಬೀಗರೂ ಬೀಗಿತ್ತಿಯೂ ಆರೂಮುಕ್ಕಾಲಿಗೇ ಬಂದರು. ಅಷ್ಟರಲ್ಲಿ ಚಾವಿರಾಯರು ಸ್ನಾನ ಮಾಡಿ, ಅಂಗಿಗೆ ಇಸ್ತ್ರಿ ಹೊಡೆದು, ಸರಪಳಿ ಸಮೇತ ಪಾತ್ರೆಯನ್ನು ಹೊತ್ತು ತಂದು ಊಟದ ಮೇಜಿನ ನಡುವೆ ಪ್ರತಿಷ್ಠಾಪಿಸಿದ್ದರು. ಬೀಗರು ಕನ್ನಡಕ ಏರಿಸಿ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಇದೇನು ಬೀಗರೇ, ಊಟಕ್ಕೆ ಕರೆದು ಊಟಕ್ಕೇ ಬೀಗ ಹಾಕಿದ್ದೀರಲ್ಲ!"

"ಇದೇ ನೋಡಿ ಆ ಗಂಟೆಬೀಗ! ಏಳು ಹೊಡೆಯೋವರೆಗೆ ಮಾಡಿದ ನನ್ನಿಂದಲೇ ತೆಗೆಯೋಕಾಗಲ್ಲ!"

ಗೋಡೆ ಗಡಿಯಾರ ಏಳು ಹೊಡೆಯಿತು. ಎಲ್ಲರೂ ಉಸಿರು ಬಿಗಿಹಿಡಿದರು. ಟಕ್ ಇಲ್ಲ, ಟುಕ್ ಇಲ್ಲ. ಏಳೂ ಐದು. ಏಳೂ ಹತ್ತು. ಬೀಗರು ಬಗ್ಗಿ ಬೀಗದ ಮೈಯ ಗಡಿಯಾರ ನೋಡಿದರು.

"ಇದರಲ್ಲಿ ನಾಲ್ಕೂ ನಲವತ್ತು ಆಗಿದೆಯಲ್ಲ?"

ಚಾವಿರಾಯರು ಥಟ್ಟನೆ ಬಗ್ಗಿದರು. ಬೀಗಕ್ಕೆ ಕಿವಿ ಹಚ್ಚಿದರು, ಈ ಸಲ ಸುಡದ ಇನ್ನೊಂದು ಕಿವಿ. ಒಳಗೆ ಸದ್ದೇ ಇಲ್ಲ! ಮುಚ್ಚಳದ ಅಂಚಿನಿಂದ ಸೋರಿದ ಹಬೆ ದಿನವಿಡೀ ಬೀಗದೊಳಗೆ ನುಗ್ಗಿ, ಗಡಿಯಾರ ನೀರು ಕುಡಿದು, ನಾಲ್ಕೂ ನಲವತ್ತಕ್ಕೆ ಕಣ್ಣು ಮುಚ್ಚಿತ್ತು. ಬಿಸಿ ಪಾತ್ರೆಯ ಮೇಲೆ ಗಡಿಯಾರ ಇಡಬಾರದೆಂದು ಯಾವ ಪುಸ್ತಿಕೆಯಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಇನ್ನು ಜಗತ್ತಿಗೆಲ್ಲ ಏಳು ಗಂಟೆ ಆಗುತ್ತದೆ, ಆ ಬೀಗದೊಳಗೆ ಮಾತ್ರ ಆಗುವುದೇ ಇಲ್ಲ!

ಬಾಯಲ್ಲಿ ಬಿಸಿ ತುಪ್ಪ! ಗರಗಸ ತಂದು ಸರಪಳಿ ಕತ್ತರಿಸಿದರೆ ಊಟ ಉಳಿಯುತ್ತದೆ, ಬೀಗದ ಮಾನ ಹೋಗುತ್ತದೆ. ಸುಮ್ಮನೆ ಕೂತರೆ ಬೀಗದ ಮಾನ ಉಳಿಯುತ್ತದೆ, ಮಗಳ ಅತ್ತೆ ಮಾವ ಹಸಿದು ಎದ್ದು ಹೋಗುತ್ತಾರೆ. ಚಾವಿರಾಯರು ಚೀಲದಿಂದ ತಂತಿ, ಮೊಳೆ, ಕೊಕ್ಕೆ ತೆಗೆದರು. ಮುಚ್ಚಿದ ರೆಪ್ಪೆಯ ಸಂದಿಯಲ್ಲಿ ಕೂದಲೆಳೆಯೂ ಹೋಗಲಿಲ್ಲ. ಏಳೂವರೆ. ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತು. ಒಂದು ಕೊಕ್ಕೆ ಮುರಿಯಿತು, ಇನ್ನೊಂದು ಹಾರಿ ಬೀಗಿತ್ತಿಯ ನೀರಿನ ಲೋಟಕ್ಕೆ ಬಿತ್ತು.

"ಆಗ್ತಾ ಇಲ್ಲ ಬೀಗರೇ," ಎಂದರು ಕೊನೆಗೆ, ಅಳುವ ದನಿಯಲ್ಲಿ. "ನನ್ನಿಂದ ಆಗ್ತಾ ಇಲ್ಲ."

ಬೀಗರು ಧಡಕ್ಕನೆ ಎದ್ದು ನಿಂತರು. ಚಾವಿರಾಯರು ಕಣ್ಣು ಮುಚ್ಚಿಕೊಂಡರು.

"ಭೇಷ್!" ಎಂದರು ಬೀಗರು. "ಮೂವತ್ತು ವರ್ಷ ಊರ ಬೀಗ ತೆಗೆದವರು, ನಿಮ್ಮ ಕೈಲೇ ಆಗ್ತಾ ಇಲ್ಲ ಅಂದ್ರೆ ಕಳ್ಳನ ಕೈಲಿ ಆಗುತ್ತಾ? ಗಡಿಯಾರಕ್ಕೆ ನೀರು ಹೋಗದ ಹಾಗೆ ಮಾಡಿಕೊಡಿ, ಸಾಕು. ನಾಳೆನೇ ಗೋದಾಮಿನ ಬಾಗಿಲಿಗೆ ಹಾಕೋಣ!"

ಚಾವಿರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೀಗರ ಮಾತಿಗೆ ಬೀಗಿದರು! ಎರಡು ನಿಮಿಷದ ಹಿಂದೆ ಬಾಗಿದ್ದ ಬೆನ್ನು ನೆಟ್ಟಗಾಯಿತು.

"ಹೇಳಿದ್ನಲ್ಲ, ಬ್ರಹ್ಮ ಬಂದರೂ ಆಗಲ್ಲ ಅಂತ!"

"ಬಾಗಿಲಿಗೆ ಬೀಗ ಆಯ್ತು," ಎಂದರು ಬೀಗಿತ್ತಿ, ಲೋಟದಿಂದ ಕೊಕ್ಕೆ ಎತ್ತಿ ಪಕ್ಕಕ್ಕಿಡುತ್ತ. "ಹೊಟ್ಟೆಗೇನು? ನನ್ನ ಹೊಟ್ಟೆ ಆಗಲೇ ತಾಳ ಹಾಕ್ತಿದೆ."

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಬಂದರು. ಕೈಯಲ್ಲಿ ಒಂದು ಬಟ್ಟಲು. ಮೇಜಿನ ಮೇಲಿಟ್ಟರು. ಕಂದು ಬಣ್ಣದ, ಹದವಾಗಿ ಮಂದವಾದ, ಹಬೆಯಾಡುವ ಗ್ರೇವಿ. ಮಾಂಸದ್ದೂ ಈರುಳ್ಳಿಯದೂ ಕಾಳುಮೆಣಸಿನದೂ ಪರಿಮಳ ಕೋಣೆ ತುಂಬಿತು. ಬೀಗರು ಮೂಗರಳಿಸಿದರು. ಆಮೇಲೆ ಹುಬ್ಬೇರಿಸಿದರು.

"ತಂಗೀ, ಈ ಗ್ರೇವಿ ಎಲ್ಲಿಂದ ಬಂತು?"

"ಪಾತ್ರೆಯಿಂದ."

"ಯಾವ ಪಾತ್ರೆಯಿಂದ?"

"ಇದೇ ಪಾತ್ರೆಯಿಂದ ಅಣ್ಣಾ. ಮಾಂಸ ಬಿಟ್ಟ ರಸ ಬಸಿದು, ಹಿಟ್ಟು ಕದಡಿ ಹಾಕಿ ಕುದಿಸಿದೆ."

ಬೀಗರು ಬೀಗ ನೋಡಿದರು. ಬೀಗ ಹಾಕಿದಂತೆಯೇ ಇತ್ತು. ಚಾವಿರಾಯರು ಹೆಂಡತಿಯನ್ನು ನೋಡಿದರು.

"ಹೇ... ಹೇಗೆ ತೆಗೆದೆ?"

"ಬೀಗ ಎಲ್ಲಿ ತೆಗೆದೆ? ಅದರ ಗೊಡವೆ ನನಗ್ಯಾಕೆ?" ಎಂದ ಹೆಂಡತಿ ಎರಡು ಬೆರಳಲ್ಲಿ ಮುಚ್ಚಳದ ಗುಬುಟು ಹಿಡಿದು ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು, ಮೂರು. ಗುಬುಟು ಕೈಗೆ ಬಂತು! ಬಿಗಿದಿದ್ದ ಸರಪಳಿ ಸಡಿಲಾಗಿ ಜೋತುಬಿತ್ತು. ಅದರ ಅಡಿಯಿಂದ ಮುಚ್ಚಳವನ್ನು ಮೆಲ್ಲಗೆ ಸರಿಸಿ ಎಳೆದರು. ಗಂಟೆಬೀಗ ಮಾತ್ರ ತನ್ನ ಸರಪಳಿಯನ್ನು ಪ್ರಾಣ ಹೋದರೂ ಬಿಡೆನೆಂದು ಕಚ್ಚಿ ಹಿಡಿದೇ ಇತ್ತು.

"ಮಧ್ಯಾಹ್ನ ಒಂದು ಸಲ ತೆಗೆದೆ," ಎಂದು ಹೆಂಡತಿ ತಟ್ಟೆ ಹಾಕುತ್ತ ಹೇಳಿದರು. "ಕೆಟ್ಟ ಕುತೂಹಲ ನೋಡಿ, ಮೂವತ್ತು ವರ್ಷ ಜೊತೆಗಿದ್ದು ನನಗೂ ಅಂಟಿದೆ. ತೆಗೆದಿದ್ದೇ ಒಳ್ಳೇದಾಯ್ತು, ಇವರು ಉಪ್ಪೇ ಹಾಕಿರಲಿಲ್ಲ. ಆಮೇಲೆ ಬಿಸಿ ಜಾಸ್ತಿ ಮಾಡಿಟ್ಟೆ. ಇವರು ಸ್ನಾನಕ್ಕೆ ಹೋದಾಗ ರಸ ಬಸಿದೆ."

"ಮತ್ತೆ ಇಷ್ಟು ಹೊತ್ತು ಯಾಕೇ ಸುಮ್ಮನಿದ್ದೆ?"

"ನೀವು ತೆಗೀತೀರಿ, ನಿಮ್ಮ ಆಸೆ ತೀರಲಿ ಅಂತ ಕಾದೆ ಕಣ್ರೀ. ಮುಕ್ಕಾಲು ಗಂಟೆ ಕಾದೆ. ನನಗೂ ಹಸಿವಾಗಲ್ವಾ?"

ಮಾಂಸ ಚಮಚ ತಾಗಿದರೆ ಸಾಕು, ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಕ್ಯಾರೆಟ್ ಬೆಣ್ಣೆಯಾಗಿತ್ತು. ಬೀಗಿತ್ತಿ ಎರಡು ಸಲ ಗ್ರೇವಿ ಹಾಕಿಸಿಕೊಂಡು, ಹಿಟ್ಟು ಗಂಟು ಕಟ್ಟದ ಹಾಗೆ ಕದಡಿದ್ದು ಹೇಗೆಂದು ಕೇಳಿ ತಿಳಿದುಕೊಂಡರು. ಬೀಗರ ಗಮನ ಮಾತ್ರ ಊಟದ ಮೇಲಿರಲಿಲ್ಲ. ನಡುನಡುವೆ ಆ ಗುಬುಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದರು. ಅವರು ಹಾಗೆ ನೋಡಿದಾಗಲೆಲ್ಲ ಚಾವಿರಾಯರು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಡುತ್ತಿದ್ದರು. ಗೋದಾಮಿನ ಬಾಗಿಲು ಕಣ್ಣೆದುರಿಗೇ ದೂರ ಸರಿಯುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ಬೀಗರು ನಿಂತರು. ಚಾವಿರಾಯರು ತಡೆಯಲಾರದೆ ಕೇಳಿಯೇಬಿಟ್ಟರು:

"ಬೀಗರೇ, ನಾಳೆ ಬೆಳಿಗ್ಗೆ ಬೀಗ ತಗೊಂಡು ಬರಲಾ?"

"ಬೀಗಕ್ಕೆ ಅವಸರ ಇಲ್ಲ. ಮೊದಲು ತಂಗೀನ ಕಳಿಸಿ. ಗೋದಾಮು ಒಂದು ಸುತ್ತು ನೋಡಿ, ಬೀಗ ಮುಟ್ಟದೆ ಎಲ್ಲೆಲ್ಲಿಂದ ಒಳಗೆ ಹೋಗಬಹುದು ಅಂತ ಅವರು ಹೇಳಲಿ. ಅದನ್ನೆಲ್ಲ ಮುಚ್ಚಿದ ಮೇಲೆ ನಿಮ್ಮ ಬೀಗ ಹಾಕೋಣ."

"ಹಾಗಾದ್ರೆ ನಾನು?"

ಉತ್ತರ ಕೊಟ್ಟವರು ಹೆಂಡತಿ. "ನೀವೂ ಬನ್ನಿ, ಅದಕ್ಕೇನಂತೆ! ನನ್ನ ಚೀಲ ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ."