ಲೈಫ್ ಕೋಚ್ ತಲೆಗೆ ಕಾಗೆ ಬಡಿಯಿತು

ಆ ಕಾಗೆಗೆ ಬದುಕಿನಲ್ಲಿ ಏನಾದರೂ ಗುರಿ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವತ್ತು ಬೆಳಿಗ್ಗೆ ಆರೂವರೆಗೆ ಮಾತ್ರ ಅದರ ಗುರಿ ತಪ್ಪಲಿಲ್ಲ. ಸವಣೂರಿನ ತನ್ನ ಮನೆಯ ಮಾಳಿಗೆ ಮೇಲೆ ನಿಂತು, ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, "ನಾನು ಗೆಲ್ಲುತ್ತೇನೆ! ನನ್ನನ್ನು ತಡೆಯುವವರು ಯಾರೂ ಇಲ್ಲ!" ಎಂದು ಸೂರ್ಯನಿಗೆ ಒದರಿ ಹೇಳುತ್ತಿದ್ದ ವೇದವ್ಯಾಸನ ನಡುನೆತ್ತಿಗೆ ಅದು ಫಟ್ಟನೆ ಬಡಿದು ಹಾರಿಹೋಯಿತು.

ವೇದವ್ಯಾಸನಿಗೆ ನಲವತ್ನಾಲ್ಕು ವರ್ಷ. ಅದರಲ್ಲಿ ಹದಿನೆಂಟು ವರ್ಷ ಗೊಬ್ಬರದ ಕಂಪನಿಯಲ್ಲಿ ಊರೂರು ತಿರುಗಿ ಗೊಬ್ಬರ ಮಾರಿದ್ದ. ಐದು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಮೂರು ದಿನದ ಶಿಬಿರಕ್ಕೆ ಹೋಗಿ, ಕೆಂಡದ ಮೇಲೆ ನಡೆದು ಬಂದ. ಸುಟ್ಟದ್ದು ಕಾಲು, ಬಿಸಿಯೇರಿದ್ದು ತಲೆ. "ಜನರ ಬದುಕು ಬದಲಿಸೋದ ನನ್ನ ಬದುಕಿನ ಉದ್ದೇಶ" ಎಂದು ಮರುದಿನವೇ ರಾಜೀನಾಮೆ ಬರೆದು, ಮನೆ ಮುಂದೆ 'ಲೈಫ್ ಕೋಚ್ ಮತ್ತು ತರಬೇತುದಾರ' ಎಂದು ಬೋರ್ಡು ತೂಗಿಹಾಕಿದ. ಐದು ತಿಂಗಳಲ್ಲಿ ಆ ಬೋರ್ಡು ನೋಡಿ ಒಳಗೆ ಬಂದವರು ಇಬ್ಬರೇ. ಒಬ್ಬನಿಗೆ ವಿಮೆ ಕಂತು ಕಟ್ಟಬೇಕಿತ್ತು. ಇನ್ನೊಬ್ಬನಿಗೆ ನೀರು ಬೇಕಿತ್ತು.

ಈಗ ಕೊನೆಗೂ ಒಂದು ಅವಕಾಶ ಬಂದಿತ್ತು. ನಾಲ್ಕು ತಾಲ್ಲೂಕುಗಳಲ್ಲಿ ಶಾಖೆ ಇಟ್ಟಿರುವ ಒಂದು ಸಹಕಾರಿ ಸಂಘದವರು ಅವತ್ತು ಹಿರೇಕೆರೂರಿನಲ್ಲಿ ಆ ತಾಲ್ಲೂಕಿನ ನೂರೈವತ್ತು ಜನ ಸಿಬ್ಬಂದಿಗೆ ತರಬೇತಿ ಇಟ್ಟಿದ್ದರು. ಇದು ಗೆದ್ದರೆ ಹಾನಗಲ್ಲ, ಶಿಗ್ಗಾವಿ, ಸವಣೂರು ಎಲ್ಲ ಅವನದೇ. ಸೋತರೆ ಏನೆಂಬುದನ್ನು ಹೆಂಡತಿ ಸ್ಪಂದನಾ ಹಿಂದಿನ ದಿನವೇ ಹೇಳಿಬಿಟ್ಟಿದ್ದಳು: "ನಾಳಿನ ಕಾರ್ಯಕ್ರಮ ಮಣ್ಣಾತಂದ್ರ ನಾಡಿದ್ದ ಹಳೇ ಮ್ಯಾನೇಜರನ ಕಾಲು ಹಿಡೀರಿ. ಗೊಬ್ಬರದ ಚೀಲ ಇನ್ನೂ ಖಾಲಿ ಆಗಿಲ್ಲ."

ಕಾಗೆ ಬಡಿದದ್ದನ್ನು ಕಂಡು, ಮಾಳಿಗೆ ಹತ್ತಿ ಬಂದಿದ್ದ ತಾಯಿ ಗಂಗಾಬಾಯಿ ಎದೆ ಬಡಿದುಕೊಂಡರು.

"ಅಯ್ಯ ಶ್ರೀಹರಿ! ಕಾಲು ತಾಗಿತೇನೋ, ರೆಕ್ಕಿ ತಾಗಿತೇನೋ?"

"ಪೂರಾ ಕಾಗೀನ ತಾಗೇದವ್ವ. ಈಗೇನು?"

"ಈಗೇನು ಅಂದ್ರ? ಕಾಗಿ ತಲಿ ಮುಟ್ಟಿದ್ರ ಸಾವು ಮುಟ್ಟಿಧಂಗ. ಇವತ್ತ ಹೊಸ್ತಿಲಾ ದಾಟಬ್ಯಾಡ. ಬೀಗರು ಬಿಜ್ಜರಿಗೆ ಯಾರಿಗ್ಯಾರ ನೀ ಹೋದಿ ಅಂತ ಸುಳ್ಳ ಸುದ್ದಿ ಮುಟ್ಟಸಬೇಕು. ಅವರು ನಾಕು ಹನಿ ಕಣ್ಣೀರು ಹಾಕಿದ್ರ ದೋಷ ಹೋಗತದ. ಆಮ್ಯಾಲೆ ಖರೇ ಹೇಳಿದ್ರಾತು."

"ನೂರಾ ಐವತ್ತು ಮಂದಿಗೆ ಬದುಕೋದು ಹೆಂಗಂತ ಹೇಳಲಿಕ್ಕೆ ಹೊಂಟೇನಿ, ನೀ ನನ್ನ ಸಾಯಸ್ತೀ ಏನು?" ಎಂದು ಸಿಡಿದ ವೇದವ್ಯಾಸ, ತಲೆಗೆ ಸ್ನಾನ ಮಾಡಿ, ಕೋಟು ತೊಟ್ಟು ಹೊರಟೇಬಿಟ್ಟ. ಕಾರ್ಯಕ್ರಮದ ದಿನ ಫೋನಿನಲ್ಲಿ ಮನಸ್ಸು ಇಡಬಾರದೆಂದು ಹುಬ್ಬಳ್ಳಿಯಲ್ಲಿ ಕಲಿಸಿದ್ದರು. ಅದನ್ನು ಬಂದ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿದ್ದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಒಂದು ತಾಸು ಭಾಷಣ ಬಾಯಿಪಾಠ ಮಾಡಿ, ಬಸ್‌ಸ್ಟ್ಯಾಂಡಿಗೆ ಬಂದ.

ಅಲ್ಲಿ ಬಾಲ್ಯದ ಗೆಳೆಯ ರಫೀಕ ತನ್ನ ಖಾರದ ಅಂಗಡಿಯ ಶಟರು ಎಳೆಯುತ್ತಿದ್ದ. ತೋಳಿಗೆ ಆಳುದ್ದದ ಸೇವಂತಿಗೆ ಹಾರ ಜೋತುಬಿದ್ದಿತ್ತು.

"ಏನೋ ರಫೀಕ, ಹೊತ್ತೇರೋದರಾಗ ಅಂಗಡಿ ಬಂದ್ ಮಾಡ್ಲಿಕತ್ತೀ. ಯಾರು ಹೋದ್ರು?"

ರಫೀಕ ಬೀಗದ ಕಡೆ ನೋಡುತ್ತಲೇ ನಿಟ್ಟುಸಿರುಬಿಟ್ಟ. "ನಮ್ಮ ವ್ಯಾಸ ಹೋದನಪಾ."

"ಯಾವ ವ್ಯಾಸ?"

"ಅದ ಗೊಬ್ಬರದ ವ್ಯಾಸ. ಚಲೋ ನೌಕರಿ ಬಿಟ್ಟು ಮಂದಿಗೆ ಬುದ್ಧಿ ಹೇಳ್ತೇನಂತ ಹೊಂಟಿದ್ದ. ಅವಂಗ ಹೇಳವರು ಯಾರೂ ಇದ್ದಿಲ್ಲ ನೋಡು, ಪಾಪ..." ಎನ್ನುತ್ತ ತಿರುಗಿದ. "ಯಾ ಅಲ್ಲಾ!"

ಶಟರು ಧಡಾರನೆ ಬಿತ್ತು. ರಫೀಕ ಅಂಗಡಿ ಕಟ್ಟೆಗೆ ಕುಸಿದ. ಹಾರ ವೇದವ್ಯಾಸನ ಬೂಟಿನ ಮೇಲೆ ಬಿದ್ದು ಪಾದಪೂಜೆ ಮಾಡಿದಂತಾಯಿತು. ಕೂತಲ್ಲಿಂದಲೇ ರಫೀಕ ತನ್ನ ಫೋನನ್ನು ಮುಂದೆ ಹಿಡಿದ. ಅದರಲ್ಲಿ ವೇದವ್ಯಾಸ ನಿನ್ನೆ ತಾನೇ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ ಫೋಟೊ, ಬೆರಳು ಮುಂದೆ ಚಾಚಿ ನಿಂತದ್ದು. ಈಗ ಅದರ ಎಡಬಲಕ್ಕೆ ದೀಪ, ಮೇಲೆ ಹೂವು, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಅದರ ಅಡಿಗೆ ಅವನೇ ಬರೆದಿದ್ದ ಸಾಲು ಹಾಗೇ ಉಳಿದಿತ್ತು: 'ಇಂದು ನಿಮ್ಮ ಬದುಕು ಬದಲಾಗುತ್ತದೆ!'

ವೇದವ್ಯಾಸ ಬ್ಯಾಗಿನ ತಳದಿಂದ ತನ್ನ ಫೋನು ತೆಗೆದು ಚಾಲೂ ಮಾಡಿ ತಾಯಿಗೆ ಹಚ್ಚಿದ.

"ಅವ್ವಾ, ಯಾರಿಗೆ ಸುದ್ದಿ ಕೊಟ್ಟಿ?"

"ಹಾನಗಲ್ಲಿನ ಅಣ್ಣಗ ಅಷ್ಟ ಕೊಟ್ಟೇನೋ. ಸ್ವಾದರಮಾವ ಅತ್ರ ಭಾಳ ಚಲೋ ಅಂತಾರ. ಅತ್ತನಪಾ, ಫೋನಿನ್ಯಾಗನ ಭೋರಾಡಿ ಅತ್ತ."

"ಮತ್ತ ಸುಳ್ಳು ಅಂತ ಯಾಕ ಹೇಳಲಿಲ್ಲ?"

"ಹೇಳೋದರಾಗ ಇಟ್ಟುಬಿಟ್ಟ. ಸಾವಿನ ಸುದ್ದಿ ಕೇಳಿದ ಮ್ಯಾಲೆ ಸ್ನಾನ ಮಾಡಬೇಕಲಾ? ಈಗ ಮಡಿಯೊಳಗ ಇದ್ದಾನ, ಫೋನ್ ಮುಟ್ಟಂಗಿಲ್ಲ."

ಮಡಿಗೆ ಮುಂಚೆ ಮುಟ್ಟಿದ್ದೇ ಸಾಕಾಗಿತ್ತು. ಬಂಧು ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ತೊಂಬತ್ತಾರು ಜನ ಕೈಮುಗಿದಿದ್ದರು. ವೇದವ್ಯಾಸ ಗಡಬಡಿಸಿ ಬರೆದ: 'ನಾನು ಬದುಕಿದ್ದೇನೆ.' ಉತ್ತರ ಕೂಡಲೇ ಬಂತು: 'ಯಾರ್ರಿ ನೀವು? ಸತ್ತವರ ಫೋನ್ ಹಿಡಕೊಂಡು ಚಾಷ್ಟಿ ಮಾಡ್ತೀರಿ? ನಾಚಿಕಿ ಬರಬೇಕು.' ಮರುಕ್ಷಣ ಅಡ್ಮಿನ್ ಅವನನ್ನು ಗ್ರೂಪಿನಿಂದ ತೆಗೆದುಹಾಕಿದ. ಇದನ್ನೆಲ್ಲ ನೋಡುತ್ತ ನಿಂತಾಗ ಅವನು ಹತ್ತಬೇಕಿದ್ದ ಹಾವೇರಿ ಬಸ್ಸು ಕಣ್ಣಮುಂದೆಯೇ ಹೋಗಿಬಿಟ್ಟಿತು.

"ನನ್ನ ಗಾಡಿ ಮ್ಯಾಲೆ ಕುಂದ್ರು," ಎಂದ ರಫೀಕ. ಈಗ ಅವನ ಎದೆಬಡಿತ ಒಂದು ಹದಕ್ಕೆ ಬಂದಿತ್ತು. "ಬಂಕಾಪುರಕ್ಕ ಹೋಗಿ ಹೈವೇ ಹಿಡಿದ್ರ ಹನ್ನೊಂದರೊಳಗ ಹಿರೇಕೆರೂರು. ನಿನ್ನ ಮಣ್ಣಿಗೆ ಅಂತ ಹೆಂಗೂ ಇವತ್ತ ಸೂಟಿ ಮಾಡೇನಿ."

ಬಂಕಾಪುರದ ಕ್ರಾಸಿನಲ್ಲಿ ಪೆಟ್ರೋಲಿಗೆಂದು ನಿಂತರು. ಪಕ್ಕದ ಚಹಾದಂಗಡಿಯ ಮುಂದೆ ಒಂದು ಕ್ರೂಸರ್ ನಿಂತಿತ್ತು. ಎಂಟು ಹತ್ತು ಜನ ಗಿರಮಿಟ್ಟಿನ ತಟ್ಟೆ ಹಿಡಿದಿದ್ದರು. ಅವರ ನಡುವೆ, ಮೂವತ್ತು ವರ್ಷದಿಂದ ಹೊಟೇಲಿನ ನೀರು ಸಹ ಮುಟ್ಟಿಲ್ಲವೆಂದು ಹೇಳಿಕೊಳ್ಳುವ ಹಾನಗಲ್ಲಿನ ಮಧ್ವೇಶ ಮಾಮಾ, ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಮತ್ತೊಂದು ಮಿರ್ಚಿ.

"ಮಾಮಾ!"

ಮಾಮಾನ ಬಾಯಲ್ಲಿದ್ದ ಮಿರ್ಚಿ ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತು. ಇಬ್ಬರು ಬೆನ್ನಿಗೆ ಗುದ್ದಿದ ಮೇಲೆ ಉಸಿರು ಬಂತು. ಉಸಿರಿನ ಹಿಂದೆಯೇ ಸಿಟ್ಟು ಬಂತು.

"ಲೇ, ನೀ ಸತ್ತಿಲ್ಲೇನು?"

"ಇಲ್ಲ ಮಾಮಾ."

"ಥೂ ನಿನ್ನ! ಎಪ್ಪತ್ತೆರಡನೇ ವಯಸ್ಸಿನಾಗ ನನಗ ತಣ್ಣೀರಿನ ಸ್ನಾನ ಮಾಡಸಿದೆಲ್ಲೋ! ಗಂಟಲಾ ಹರಕೊಂಡು ಅತ್ತೇನಿ. ಗಾಡಿ ಮಾಡ್ಕೊಂಡು ಇಷ್ಟು ಮಂದಿನ್ನ ಹೇರಕೊಂಡು ಬಂದೇನಿ. ಈಗ ಇವರಿಗೆಲ್ಲ ಏನ್ ತೋರಸ್ಲಿ?"

"ಅದಿರಲಿ, ಮಡಿಯೊಳಗ ಮಿರ್ಚಿ ನಡೀತದೇನು ಮಾಮಾ?"

"ಹೆಣ ಎತ್ತೂತನಕ ಸತ್ತ ಮನಿಯೊಳಗ ಒಲಿ ಹಚ್ಚತಾರೇನು? ಸಂಜಿಮಟ ಉಪಾಸ ಸಾಯ್ಲೇನು ನಿನ್ನ ಸಲುವಾಗಿ?"

ಕ್ರೂಸರಿನ ಕಿಟಕಿಯಿಂದ ಅತ್ತೆ ತಲೆ ಹೊರಹಾಕಿದರು. "ಹೋಗ್ಲಿ ಬಿಡ್ರಿ, ಆಯುಷ್ಯ ಹೆಚ್ಚಾತು. ಹೆಂಗೂ ಹೊಂಟೇವಿ, ಗಂಗಾಬಾಯಿ ಕಡೆ ಹೋಳಿಗಿ ಮಾಡಿಸ್ಕೊಂಡು ಉಂಡು ಹೋಗೋಣು."

"ಆದ್ರೂ ನನ್ನ ಕರ್ತವ್ಯದಾಗ ಏನೂ ಕಡಿಮಿ ಮಾಡಿಲ್ಲಪಾ," ಎಂದರು ಮಾಮಾ, ಸ್ವಲ್ಪ ತಣ್ಣಗಾಗಿ. "ನಿನ್ನ ಸ್ಟೇಟಸ್ಸಿನಾಗ ಹಿರೇಕೆರೂರಿನವರ ನಂಬರ್ ಇತ್ತು. ಪಾಪ, ಕಾಯ್ಕೋತ ಕುಂದರಬಾರದಂತ ಅವರಿಗೂ ಫೋನ್ ಮಾಡಿ ಹೇಳೇನಿ."

ವೇದವ್ಯಾಸ ಅವಸರದಿಂದ ಫೋನು ತೆಗೆದ. ಸಂಘದ ಮ್ಯಾನೇಜರ ಹಯಾತ ಸಾಹೇಬರಿಗೆ ಆರು ಸಲ ಫೋನು ಹಚ್ಚಿದ. ಆರು ಸಲವೂ ಗಂಟೆ ಬಾರಿಸಿ ಬಾರಿಸಿ ನಿಂತಿತು. ಏಳನೆಯ ಸಲ ಹಚ್ಚುವುದರೊಳಗೆ ಸ್ಪಂದನಾಳ ಕರೆ ಬಂತು. ಅವಳು ಶಿಗ್ಗಾವಿಯಲ್ಲಿ ಸಾಲಿ ಟೀಚರ್.

"ಹೆಡ್‌ಮಾಸ್ತರು ಸಾಲಿಗೆ ಸೂಟಿ ಕೊಟ್ಟು, ನನ್ನನ್ನ ಕಾರಿನಾಗ ಕೂಡಿಸಿ ಮನಿಗೆ ಕಳಸಿದ್ರು. ದಾರಿತುಂಬ ಅತ್ತು ಅತ್ತು ಬಂದು ನೋಡಿದ್ರ, ನಿಮ್ಮವ್ವ ಅವಲಕ್ಕಿ ತಿನ್ನಲಿಕತ್ತಾರ. ನೀವು ಎಲ್ಲಿದ್ದೀರಿ?"

"ಬದುಕೇನಿ, ಸ್ಪಂದನಾ."

"ಎಷ್ಟೊತ್ತು ಅಂತ ನಾನೂ ನೋಡ್ತೇನಿ. ಮನಿಗೆ ಬರ್ರಿ!"

ರಫೀಕ ಗಾಡಿಯನ್ನು ಹಾರಿಸಿಯೇ ಬಿಟ್ಟ. ಹಾವೇರಿ ದಾಟಿದರು. ಹಂಸಭಾವಿಯ ಹತ್ತಿರ ಇನ್ನೂರು ಕುರಿಗಳ ಹಿಂಡು ರಸ್ತೆ ತುಂಬಿಕೊಂಡು, ತಮಗೆ ಯಾವ ಊರಿಗೂ ಹೋಗುವ ಆತುರವಿಲ್ಲವೆಂಬಂತೆ ನಡೆದಿತ್ತು. ಅದನ್ನೂ ದಾಟಿ ಹಿರೇಕೆರೂರಿನ ಕಲ್ಯಾಣಮಂಟಪದ ಮುಂದೆ ನಿಂತಾಗ ಹನ್ನೊಂದೂಮುಕ್ಕಾಲು. ಬಾಗಿಲಲ್ಲಿ ಅವನದೇ ಬ್ಯಾನರು. ಅದಕ್ಕೊಂದು ಹಾರ. ಕೆಳಗೆ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

ರಫೀಕನನ್ನು ಗಾಡಿಯ ಹತ್ತಿರ ಬಿಟ್ಟು ವೇದವ್ಯಾಸ ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದ. ಎದುರಿಗೆ ಸಿಕ್ಕವರು ಹಯಾತ ಸಾಹೇಬರೇ. ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಕೈ ಮುಟ್ಟಿ ನೋಡಿದರು. ಬೆಚ್ಚಗಿತ್ತು. ತಡಮಾಡದೆ ಅವನನ್ನು ಎಳೆದು ಉಗ್ರಾಣಕ್ಕೆ ದಬ್ಬಿ, ಅನ್ನದ ಕೊಪ್ಪರಿಗೆಗಳ ನಡುವೆ ನಿಲ್ಲಿಸಿ, ಬಾಗಿಲು ಮುಂದೆ ಮಾಡಿದರು.

"ಸರ್, ದಯಮಾಡಿ ದನಿ ತಗೀಬ್ಯಾಡ್ರಿ."

"ಯಾಕ್ರಿ? ನಾ ಬದುಕೇನಿ! ಸುದ್ದಿ ಸುಳ್ಳು! ಕಾಗಿ ಬಡದಿತ್ತಂತ ನಮ್ಮವ್ವ..."

"ಅದೆಲ್ಲ ಆಮ್ಯಾಲೆ ಹೇಳ್ರಿ. ಮೊದಲ ಒಳಗ ಕೇಳ್ರಿ."

ಸಭೆಯಿಂದ ಮೈಕಿನಲ್ಲಿ ಒಂದು ಒಡಕು ದನಿ ಬರುತ್ತಿತ್ತು.

"ಸುದ್ದಿ ಬರೋದರಾಗ ಮಂದಿ ಬಂದು ಕುಂತುಬಿಟ್ಟಿದ್ರು, ಅಡಗಿ ಆಗಿತ್ತು," ಎಂದು ಹಯಾತ ಸಾಹೇಬರು ಪಿಸುಗುಟ್ಟಿದರು. "ಶ್ರದ್ಧಾಂಜಲಿನಾರ ಮಾಡೂನು ಅಂದ್ರ, ನಿಮ್ಮ ಬಗ್ಗೆ ಮಾತಾಡಾಕ ನಿಮ್ಮನ್ನ ಕಂಡವರು ಯಾರೂ ಇಲ್ಲ. ಮೈಕಿನ ಲಕ್ಕಪ್ಪ ಒಬ್ಬನ ನಿನ್ನಿ ನಿಮ್ಮ ಜೋಡಿ ಫೋನಿನ್ಯಾಗ ಮಾತಾಡಿದ್ದ. ಅವನ್ನ ನಿಲ್ಲಿಸಿದ್ವಿ."

ಲಕ್ಕಪ್ಪ ಅಳುತ್ತಿದ್ದ. "ನಿನ್ನಿ ಸಂಜಿಮುಂದ ಫೋನ್ ಮಾಡಿದ್ರು. 'ಲಕ್ಕಪ್ಪ, ನನಗ ಕೊಳ್ಳಪಟ್ಟಿಗೆ ಸಿಗಸೋ ಮೈಕ್ ಬೇಕು, ನಾ ಒಂದ ಕಡೆ ನಿಲ್ಲೋ ಮನಿಶ್ಯಾ ಅಲ್ಲ' ಅಂದ್ರು. ಈಗ ನೋಡ್ರಿ, ಒಂದ ಕಡೆ ಮಲಗ್ಯಾರ! ಮೈಕ್ ಕೆಟ್ರ ನಾ ರಿಪೇರಿ ಮಾಡ್ತೇನಿ. ಮನಿಶ್ಯಾ ಬಂದ್ ಬಿದ್ರ ಯಾರು ಮಾಡ್ತಾರ್ರಿ? ನಾಳೆ ಅನಬ್ಯಾಡ್ರಿ. ಯಾರ ಜೋಡಿ ಮಾತು ಬಿಟ್ಟೀರಿ, ಈಗ ಫೋನ್ ಹಚ್ರಿ. ಏನು ಬಿಡಬೇಕಂತ ಮಾಡೀರಿ, ಈಗ ಬಿಡ್ರಿ!"

ವೇದವ್ಯಾಸ ಬಾಯಿ ತೆರೆದುಕೊಂಡು ನಿಂತ. ತಾನು ಮೂರು ತಾಸಿನಲ್ಲಿ, ಅರವತ್ನಾಲ್ಕು ಚಿತ್ರ ತೋರಿಸಿ ಹೇಳಬೇಕೆಂದಿದ್ದ ಮಾತು ಇಷ್ಟೇ.

ಬಾಗಿಲ ಸಂದಿಯಿಂದ ನೋಡಿದ. ಮಾಸೂರು ಶಾಖೆಯ ಸಾವಂತ್ರವ್ವ ಕಂಬಕ್ಕೆ ಒರಗಿ ಫೋನಿನಲ್ಲಿ ಬಿಕ್ಕುತ್ತಿದ್ದಳು. "ಅಕ್ಕಾ, ನಾ ಸಾವಂತ್ರಿ... ಹೌದವಾ, ಎಂಟು ವರ್ಷ ಆತು... ಎಮ್ಮಿ ನಿನಗ ಇರಲಿ, ನೀ ಅಳಬ್ಯಾಡ... ಇಲ್ಲೆ ಯಾರೋ ಸತ್ತಾರ, ಅದಕ್ಕ ಫೋನ್ ಹಚ್ಚೇನಿ." ಕೈ ತೊಳೆಯುವ ಕಟ್ಟೆಯ ಮೇಲಿನ ಬುಟ್ಟಿಯಲ್ಲಿ ಗುಟಕಾ ಚೀಟಿ, ಬೀಡಿ ಕಟ್ಟು, ತಂಬಾಕಿನ ಡಬ್ಬಿ ತುಂಬಿ ತುಳುಕುತ್ತಿದ್ದವು.

"ಎಲ್ಲರೂ ಎದ್ದು ನಿಲ್ರಿ. ಒಂದು ನಿಮಿಷ ಮೌನ," ಎಂದ ಲಕ್ಕಪ್ಪ.

ನೂರೈವತ್ತು ಕುರ್ಚಿ ಒಮ್ಮೆಲೇ ಸರಿದವು. ಹಯಾತ ಸಾಹೇಬರು ತಲೆ ತಗ್ಗಿಸಿದರು. ಅವರನ್ನು ನೋಡಿ ವೇದವ್ಯಾಸನೂ ಕೈಕಟ್ಟಿ ತಲೆ ತಗ್ಗಿಸಿ, ತನ್ನ ಆತ್ಮಕ್ಕೆ ಪೂರ್ತಿ ಒಂದು ನಿಮಿಷ ಶಾಂತಿ ಕೋರಿದ.

ಮೌನ ಮುಗಿದದ್ದೇ ಅವನು ಬಾಗಿಲಿಗೆ ಹಾರಿದ. ಕಾರ್ಯಕ್ರಮ ತನ್ನದು, ಮಂದಿ ತನ್ನವರು! ಬಾಗಿಲು ತೆರೆದರೆ ಎದುರಿಗೆ ಮುಖ ತೊಳೆಯಲು ಬಂದ ತೌಹೀದ ಎಂಬ ಗುಮಾಸ್ತ. ಅವನು ಬ್ಯಾನರನ್ನೊಮ್ಮೆ ನೆನೆಸಿಕೊಂಡ, ಇವನನ್ನೊಮ್ಮೆ ನೋಡಿದ.

"ನೀವು... ಬದುಕೀರಿ?"

"ಹೌದ್ರಿ!"

"ಆರಾಮ ಇದ್ದೀರಿ?"

"ಪೂರಾ ಆರಾಮ ಇದ್ದೇನಿ."

ತೌಹೀದ ಬುಟ್ಟಿಗೆ ಕೈ ಹಾಕಿ ತನ್ನ ಗುಟಕಾ ಚೀಟಿ ಹುಡುಕಿ ತೆಗೆದುಕೊಂಡ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಇನ್ನೊಬ್ಬರದೂ ಒಂದು ತೆಗೆದುಕೊಂಡು ಹೋದ.

ಹಯಾತ ಸಾಹೇಬರು ವೇದವ್ಯಾಸನನ್ನು ಮತ್ತೆ ಒಳಗೆಳೆದುಕೊಂಡರು. "ನೋಡಿದ್ರಿಲ್ಲ? ಒಬ್ಬಾಂವ ಹೋದ. ನೀವು ಸ್ಟೇಜ್ ಹತ್ತಿದ್ರ ಎಲ್ಲಾರೂ ಹೋಗ್ತಾರ. ಆ ಹೆಣಮಗಳು ಮತ್ತ ಎಮ್ಮಿ ವಾಪಸ್ ಕೇಳ್ತಾಳ. ಇವರ ಬದುಕು ಬದಲಾಗ್ಲಿ ಅಂತನ ಅಲ್ಲೇನ್ರಿ ನೀವು ನೌಕರಿ ಬಿಟ್ಟದ್ದು?"

ಆ ಮಾತು ಎದೆಗೆ ನಾಟಿತು. ವೇದವ್ಯಾಸ ಒಂದು ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಕುಸಿದು ಕುಳಿತ. ಕಣ್ಣಮುಂದೆ ಗೊಬ್ಬರದ ಚೀಲಗಳು ಸಾಲಾಗಿ ಬಂದು ನಿಂತವು.

"ಹಂಗಾದ್ರ... ಉಳಿದ ತಾಲ್ಲೂಕಿನ ಕಾರ್ಯಕ್ರಮ?"

"ಎಲ್ಲಾ ನಿಮ್ಮ ಹೆಸರಿನ್ಯಾಗನ ಐತ್ರಿ! ಅಧ್ಯಕ್ಷರು ಈಗ ಕಣ್ಣೀರು ಒರಸ್ಕೋತ ಒಪ್ಪಿದ್ರು. ಇಂಥಾ ತರಬೇತಿ ನಮ್ಮ ಸಂಘದಾಗ ಹಿಂದ ಆಗಿಲ್ಲ, ಮುಂದ ಆಗಂಗಿಲ್ಲ ಅಂದ್ರು."

ವೇದವ್ಯಾಸನ ಮುಖದಲ್ಲಿ ಐದು ತಿಂಗಳಿಂದ ಕಾಣದಿದ್ದ ಕಳೆ ಮೂಡಿತು. ಎದ್ದು ನಿಂತ. "ಹೌದ್ರಿ? ಹಾನಗಲ್ಲಿಗೆ ಯಾವಾಗ ಬರ್ಲಿ?"

"ಬರಬ್ಯಾಡ್ರಿ ಸರ್. ಮಾತಾಡೋದು ಲಕ್ಕಪ್ಪ."

"ಮತ್ತ ನಾನು?"

ಹಯಾತ ಸಾಹೇಬರು ಕಿಸೆಯಿಂದ ಡೈರಿ ತೆಗೆದು, ಪೆನ್ನಿನ ಮುಚ್ಚಳ ಹಲ್ಲಿನಿಂದ ಬಿಚ್ಚಿ ಬರೆಯಲು ನಿಂತರು.

"ಸವಣೂರು ನಿಮ್ಮ ಸ್ವಂತ ಊರು, ಅಲ್ಲಿ ಯಾರೂ ನಂಬಂಗಿಲ್ಲ, ಅದನ್ನ ಕೈಬಿಟ್ಟೇವಿ. ಹಾನಗಲ್ಲ ಸೋಮವಾರ, ಶಿಗ್ಗಾವಿ ಗುರುವಾರ. ಹಿಂದಿನ ದಿನ ಸಂಜಿಗೆ ಲಕ್ಕಪ್ಪಗ ಮೈಕ್ ಬಗ್ಗೆ ಒಂದು ಫೋನ್ ಮಾಡ್ರಿ. ಮರುದಿನ ಮುಂಜಾನೆ ಒಂಬತ್ತೂವರಿಗೆ ಬರೋಬ್ಬರಿ ತೀರಿಕೊಳ್ರಿ. ಇವತ್ತಿನಂಗ ತಡಾ ಮಾಡಬ್ಯಾಡ್ರಿ ಸರ್, ನಾಷ್ಟಾ ತಣ್ಣಗಾತು."